ಮೂಗಿನ ತನಕ ಬಂದ ಅಪ್ಪ

ಟವರಿನ ಮೇಲೆ ಕೋತಿ ಕೂತಿರಬಹುದು. ಕಾಲುವೆ ತೋಡುವ ಜೆಸಿಬಿ ಕೇಬಲ್ ಹರಿದಿರಬಹುದು. ಮಾನ್ವಿಯ ಬಿಸಿಲಿಗೆ ವೈಫೈ ಡಬ್ಬಿ ಒಳಗೊಳಗೇ ಬೆಂದುಹೋಗಿರಬಹುದು. ಫೋನಿಗೆ ವೈರಸ್ ಹೊಕ್ಕಿರಬಹುದು, ಅದು ನನಗೂ ಅಂಟಿರಬಹುದು. ಯಾರದೋ ದೃಷ್ಟಿ ತಾಗಿರಬಹುದು. ಅಥವಾ, ಇದನ್ನು ಬರೆಯುವಾಗಲೂ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದೆ, ತೀರಿಹೋದ ಅಪ್ಪನಿಗೆ ಸಿಟ್ಟು ಬಂದಿರಬಹುದು.

ನನ್ನ ಹೆಂಡತಿ ಶಿವಲೀಲಾ ಖಡಕ್ ರೊಟ್ಟಿ ಮಾಡುತ್ತಾಳೆ. ಹಿಡಿದರೆ ಆಚೆಯ ದೀಪ ಕಾಣಬೇಕು, ಅಷ್ಟು ತೆಳ್ಳಗೆ. ಓಣಿಯಲ್ಲಿ ಮಾರಿ ಮಾರಿ ಸಾಕಾಗಿದ್ದವಳಿಗೆ ರಾಯಚೂರಿನ ದೊಡ್ಡ ಕಿರಾಣಿ ಅಂಗಡಿಯ ಅಮರೇಶಪ್ಪ ಸಾಹುಕಾರರು ಒಂದು ಮಾತು ಹೇಳಿದ್ದರು: "ನಿಮ್ಮ ವೆಬ್‌ಸೈಟ್ ಕಳಿಸ್ರೆವ್ವಾ. ನೋಡ್ತೀನಿ. ಮನಸ್ಸಿಗೆ ಬಂದ್ರ ಇನ್ನ ಮುಂದ ಅಂಗಡ್ಯಾಗ ನಿಮ್ಮ ರೊಟ್ಟೀನ ಇಡ್ತೀನಿ." ಅವತ್ತಿನಿಂದ ಅವಳಿಗೆ ನಿದ್ದೆಯಿಲ್ಲ.

"ವೆಬ್‌ಸೈಟ್ ನಾನು ಮಾಡ್ತೀನಿ ಬಿಡು, ಅದೇನ್ ಮಹಾ!" ಎಂದೆ. ನನ್ನನ್ನು ಯಾರೂ ಕೇಳಿರಲಿಲ್ಲ.

ನಮ್ಮ ಕಡೆ ಅಂಗಡಿಯಿರಲಿ, ರೈಸ್ ಮಿಲ್ಲಿರಲಿ, ಒಳಗೆ ಕಾಲಿಟ್ಟ ಕೂಡಲೇ ಹಾರ ಹಾಕಿದ ಹಿರಿಯರ ಫೋಟೋ ಕಾಣಬೇಕು. ವ್ಯಾಪಾರ ಆಮೇಲೆ. ಆದಕಾರಣ ವೆಬ್‌ಸೈಟಿನ ನೆತ್ತಿಯಲ್ಲಿ ಮನೆಯ ವಿಳಾಸ ಬರೆದು, ಅದರ ಕೆಳಗೆ ಅಪ್ಪನನ್ನು ವಿಧಿವತ್ತಾಗಿ ಪ್ರತಿಷ್ಠಾಪಿಸಿ, ಆತನ ಪಾದದ ಬಳಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳನ್ನು ಜೋಡಿಸಿದೆ. ಮಧ್ಯಾಹ್ನ ಹೆಂಡತಿಯನ್ನು ಕೂರಿಸಿಕೊಂಡು ಉದ್ಘಾಟಿಸಿದೆ.

ಮೊದಲು ವಿಳಾಸ ಬಂತು. ಅದರ ಕೆಳಗೆ ಬಿಳಿ. ಬಹಳ ಹೊತ್ತು ಬರೀ ಬಿಳಿ. ಆಮೇಲೆ ಆ ಬಿಳಿಯೊಳಗಿಂದ ಹಾರದ ಮೇಲ್ತುದಿಯ ಜೊತೆ ಒಂದು ರುಮಾಲು ಇಳಿಯಿತು. ನಿಂತಿತು. ವಿಭೂತಿ ಇಳಿಯಿತು. ನಿಂತಿತು. ಹುಬ್ಬು. ಎರಡು ಕಣ್ಣು. ಮೂಗಿನ ತುದಿ. ಅಲ್ಲಿಗೆ ನಿಂತೇಬಿಟ್ಟಿತು.

ನಾನು ಬಲಕ್ಕೆ ಸರಿದೆ. ಕಣ್ಣುಗಳೂ ಸರಿದವು!

"ಮಾವಾರು ಇದ್ದಾಗೂ ನನ್ನ ರೊಟ್ಟಿ ನೋಡಿ ಹಿಂಗ ಕಣ್ಣು ಬಿಡ್ತಿದ್ರು," ಶಿವಲೀಲಾ ಪಿಸುಗುಟ್ಟಿದಳು. "ಹೋದ ಮ್ಯಾಲೂ ಬಿಡವಲ್ರು."

"ಏ, ನೆಟ್ ಸ್ಲೋ ಅದ."

"ನನ್ನ ಫೋನಿನ್ಯಾಗ ಧಾರಾವಾಹಿ ಓಡಾಕತ್ತದಲ್ರಿ! ನೆಟ್‌ಗೂ ನಿಮ್ಮ ಅಪ್ಪಾರಂದ್ರ ಅಷ್ಟ ಹೆದ್ರಿಕೇನು?"

ಅಷ್ಟರಲ್ಲಿ ದೇವದುರ್ಗದಿಂದ ಅಕ್ಕನ ಫೋನು. ಅವಳಿಗೂ ಹೆಮ್ಮೆಯಿಂದ ಲಿಂಕ್ ಕಳಿಸಿದ್ದೆ. "ತಮ್ಮಾ, ಅಪ್ಪ ನನ್ನ ಫೋನಿನ್ಯಾಗ ಬಂದಾನ. ಮೂಗಿನ ತನಕ ಬಂದಾನ. ಬಾಯಿ ಬರವಲ್ದು. ಏನೋ ಹೇಳಬೇಕಂತ ನಿಂತಾನೋ ಯಪ್ಪಾ!"

ಕೂಡಲೇ ಸಮರೋಪಾದಿಯಲ್ಲಿ ಕಾರ್ಯಾಚರಣೆ ಆರಂಭಿಸಿದೆ. ವೈಫೈ ಡಬ್ಬಿಯನ್ನು ಆರಿಸಿ ಹಚ್ಚಿದೆ. ಅದನ್ನು ದೇವರ ಜಗಲಿಯ ಪಕ್ಕಕ್ಕೆ ಸ್ಥಳಾಂತರಿಸಿದೆ. ಯಾರಿಗೂ ಕಾಣದಂತೆ ಅದರ ಮುಂದೆ ಊದುಬತ್ತಿಯನ್ನೂ ಹಚ್ಚಿದೆ. ಅಪ್ಪ ಜಗ್ಗಲಿಲ್ಲ. ವಿಡಿಯೋ ಒಂದರಲ್ಲಿ ಯಾರೋ 'ಪುಟದ ಭಾರ ಇಳಿಸಿ' ಎಂದರು. ಇಳಿಸಿದೆ. ಗುರೆಳ್ಳು ತೆಗೆದೆ. ಶೇಂಗಾ ತೆಗೆದೆ. ಕೊನೆಗೆ ರೊಟ್ಟಿಯನ್ನೂ ತೆಗೆದೆ! ಅಪ್ಪನನ್ನು ಮಾತ್ರ ತೆಗೆಯಲು ಕೈ ಬರಲಿಲ್ಲ. ಆ ಕಣ್ಣುಗಳು ನೋಡುತ್ತಿರುವಾಗ ಯಾವ ಮಗ ತಾನೇ ಡಿಲೀಟ್ ಒತ್ತುತ್ತಾನೆ?

ಈಗ ಪುಟದಲ್ಲಿ ಉಳಿದದ್ದು ವಿಳಾಸ, ಹಾರ ಮತ್ತು ಅರ್ಧ ಅಪ್ಪ. ಇನ್ನು ಹಗುರಾಗಿ ಓಡುತ್ತದೆಂಬ ಧೈರ್ಯದಿಂದ ಲಿಂಕನ್ನು ಸಾಹುಕಾರರಿಗೆ ಕಳಿಸಿದೆ. ಉತ್ತರವಿಲ್ಲ.

ಸಂಜೆ ಕರೆಂಟ್ ಹೋಯಿತು. ಓಣಿಯ ನಾಯಿಗಳೂ ಸುಮ್ಮನಿದ್ದವು. ಕತ್ತಲಾಗುತ್ತಿದ್ದ ಬಾಗಿಲಲ್ಲಿ ಬಿಳಿ ರುಮಾಲಿನ ಆಕೃತಿಯೊಂದು ಕೈಯಲ್ಲಿ ಗಂಟು ಹಿಡಿದು ನಿಂತಿತ್ತು. ನನ್ನ ಬಾಯಿಂದ 'ಅಪ್ಪಾ' ಎಂಬ ಶಬ್ದ ತಾನಾಗಿಯೇ ಹೊರಬಿತ್ತು. ಆಕೃತಿ ಚಪ್ಪಲಿ ಬಿಟ್ಟು ಒಳಗೆ ಬಂದು, ನೆಲದ ಮೇಲೆ ಕೂತು, ನನ್ನ ಕೈ ಹಿಡಿದುಕೊಂಡಿತು. ಕೈ ತಣ್ಣಗಿತ್ತು.

"ಸಮಾಧಾನ ಮಾಡ್ಕೋರಿ," ಎಂದಿತು. "ಎಲ್ಲಾರೂ ಒಂದಿನ ಹೋಗೋರ."

ಅಮರೇಶಪ್ಪ ಸಾಹುಕಾರರು!

"ನಿಮ್ಮ ಲಿಂಕ್ ತೆಗದೆ. ಹಾರ, ವಿಭೂತಿ, ಮ್ಯಾಲ ಅಡ್ರೆಸ್. ಕೆಳಗ ಮಣ್ಣು ಮಾಡೋದು ಎಷ್ಟೊತ್ತಿಗೆ ಅಂತ ಬರ್ತದಂತ ಕಾಯ್ದೆ. ಬರಲೇ ಇಲ್ಲ. ಗಾಡಿ ತಗೊಂಡು ಬಂದೇಬಿಟ್ಟೆ. ಒಲಿ ಹಚ್ಚಿರಂಗಿಲ್ಲಂತ ಬುತ್ತಿ ತಂದೀನಿ." ಗಂಟು ಬಿಚ್ಚಿದರು.

ಒಳಗಿದ್ದದ್ದು ಖಡಕ್ ರೊಟ್ಟಿ. ಬೇರೆ ಯಾರೋ ಮಾಡಿದ್ದು.

ಶಿವಲೀಲಾ ಒಂದು ತುಂಡು ಮುರಿದಳು. ಕಿವಿಗೊಟ್ಟು ಆ ಸಪ್ಪಳ ಕೇಳಿದಳು. "ದಪ್ಪ ಅದಾವ್ರಿ ಇವು," ಎಂದಳು. ಆಮೇಲೆ ನನ್ನತ್ತ ತಿರುಗಿದಳು. "ಸಾವ್ಕಾರ್ರ, ಮಾವಾರು ಹೋಗಿ ಭಾಳ ವರ್ಷ ಆತು. ಇವತ್ತ ಹೋಗಿದ್ದು ನನ್ನ ವ್ಯಾಪಾರ. ಮಣ್ಣು ಕೊಟ್ಟೋರು ಇವರು."

ಎದ್ದು ಒಳಗೆ ಹೋಗಿ ತನ್ನ ರೊಟ್ಟಿ, ಹಿಂಡಿ, ಮೊಸರು ತಂದು ಅವರ ಮುಂದಿಟ್ಟಳು. ಫೋನಿನ ಬೆಳಕಿನಲ್ಲಿ ಸಾಹುಕಾರರು ಒಂದು ಮುರಿದು ತಿಂದರು. ಇನ್ನೊಂದು ತಿಂದರು.

"ಸೋಮವಾರದಿಂದ ಕಳಿಸ್ರೆವ್ವಾ," ಎಂದು ಕೈ ಒರೆಸಿಕೊಂಡರು. "ರೊಟ್ಟಿ ಕಳಿಸ್ರಿ. ವೆಬ್‌ಸೈಟ್ ಮಾತ್ರ ಯಾರಿಗೂ ಕಳಿಸಬ್ಯಾಡ್ರಿ."

ಅವರು ಹೋದ ಮೇಲೆ ಕರೆಂಟ್ ಬಂತು. ಆಗ ಮೊದಲ ಬಾರಿಗೆ ನಾನು ಆ ಫೋಟೋ ಫೈಲಿನ ಹೆಸರು ಓದಿದೆ: 'ಪುಣ್ಯಸ್ಮರಣೆ, ಬಸ್ ಸ್ಟ್ಯಾಂಡ್ ಫ್ಲೆಕ್ಸ್'. ಎರಡಂತಸ್ತಿನ ಕಟ್ಟಡದ ಮುಂದೆ ಕಟ್ಟಲು ಮಾಡಿಸಿದ್ದ ಅಪ್ಪನನ್ನು ಚಿಕ್ಕದು ಮಾಡದೆ, ಹಾಗೆಯೇ ಇಡಿಯಾಗಿ ಫೋನಿನೊಳಗೆ ತುರುಕಿದ್ದೆ. ಆಗಿದ್ದ ತಪ್ಪು ಅದೊಂದೇ. ಕುಗ್ಗಿಸಿ ಮತ್ತೆ ಹಾಕಿದೆ. ರೆಪ್ಪೆ ಬಡಿಯುವುದರೊಳಗೆ ಅಪ್ಪ ಪೂರ್ತಿ ಬಂದ. ಮೂಗು, ಮೀಸೆ, ಬಾಯಿ.

ನಗುತ್ತಿದ್ದ. ಯಾರನ್ನು ನೋಡಿ ಎಂದು ಶಿವಲೀಲಾಳನ್ನು ಕೇಳುವ ಧೈರ್ಯ ನನಗಾಗಲಿಲ್ಲ!