ಅಪ್ಪನ ವಾಚಿಗೊಬ್ಬ ತಮ್ಮ

ಮನುಷ್ಯನಿಗೆ ತನ್ನ ಬಗ್ಗೆ ಒಂದಾದರೂ ಒಳ್ಳೆಯ ಅಭಿಪ್ರಾಯ ಇರಬೇಕು. ಇಲ್ಲದಿದ್ದರೆ ಬೆಳಿಗ್ಗೆ ಎದ್ದು ಹಲ್ಲುಜ್ಜುವುದಕ್ಕೂ ಮನಸ್ಸು ಬರುವುದಿಲ್ಲ. ಕೆಲವರು ತಾವು ಚೆನ್ನಾಗಿ ಹಾಡುತ್ತೇವೆ ಎಂದುಕೊಂಡಿರುತ್ತಾರೆ. ಕೆಲವರು ಮನೆಯಲ್ಲಿ ತಮ್ಮ ಮಾತು ನಡೆಯುತ್ತದೆ ಎಂದುಕೊಂಡಿರುತ್ತಾರೆ. ಈ ಎರಡೂ ಭ್ರಮೆ ನನಗಿಲ್ಲ. ಮೊದಲನೆಯದನ್ನು ಸ್ಕೂಲಿನ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳೂ, ಎರಡನೆಯದನ್ನು ಮದುವೆಯಾದ ವರ್ಷವೇ ನನ್ನ ಹೆಂಡತಿ ಮಂಗಳಳೂ ಬಿಡಿಸಿದ್ದಾರೆ. ನನಗೆ ಉಳಿದಿದ್ದ ಒಂದೇ ಹೆಮ್ಮೆಯೆಂದರೆ ನಾನು ಹೊತ್ತಿಗೆ ಸರಿಯಾಗಿ ನಡೆಯುವ ಮನುಷ್ಯ ಎಂಬುದು. ಕೊಳ್ಳೇಗಾಲದಿಂದ ಹನೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಡ್ರಾಯಿಂಗ್ ಮೇಷ್ಟ್ರು ನಾನು. ಆರು ವರ್ಷದಿಂದ ಒಂದೇ ಪ್ರೈವೇಟ್ ಬಸ್ಸು, ಎಂಟು ನಲವತ್ತರದು. ಒಂದು ದಿನವೂ ಅದನ್ನು ತಪ್ಪಿಸಿಕೊಂಡವನಲ್ಲ, ಓಡಿ ಹಿಡಿದವನೂ ಅಲ್ಲ. ನಮ್ಮ ಬೀದಿಯ ತುದಿಯ ಸ್ಟಾಪಿಗೆ ನಾನು ಹೋಗುತ್ತಿದ್ದಂತೆ ಬಸ್ಸು ನಿಂತಿರುತ್ತಿತ್ತು. ನಾನು ಹತ್ತುತ್ತಿದ್ದಂತೆ ಹೊರಡುತ್ತಿತ್ತು. ಇದಕ್ಕೆಲ್ಲ ಕಾರಣ ನನ್ನ ಕೈಯಲ್ಲಿದ್ದ ಅಪ್ಪನ ವಾಚು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಆ ವಾಚಿನ ವಿಷಯ ಹೇಳಬೇಕು. ನನ್ನ ಅಪ್ಪ ಕುಂತೂರಿನ ಸಕ್ಕರೆ ಕಾರ್ಖಾನೆಯ ಯಾರ್ಡಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ಸಾಲು ಹಚ್ಚುವ ಕೆಲಸದಲ್ಲಿದ್ದವರು. ಅವರ ಸ್ನೇಹಿತರೊಬ್ಬರು ಮಸ್ಕತ್ತಿನಿಂದ ಬರುವಾಗ ತಂದುಕೊಟ್ಟ ಸ್ಟೀಲಿನ ಸ್ಪೋರ್ಟ್ಸ್ ವಾಚು ಅದು. ಸಮುದ್ರಕ್ಕೆ ಧುಮುಕುವವರಿಗಾಗಿ ಮಾಡಿದ್ದು. ಇನ್ನೂರು ಮೀಟರ್ ಆಳದ ನೀರಿನಲ್ಲೂ ಏನೂ ಆಗುವುದಿಲ್ಲವೆಂದು ಹಿಂಬದಿಯಲ್ಲಿ ಕೊರೆದಿದ್ದಾರೆ. ಅಪ್ಪನಿಗೆ ಈಜು ಬರುತ್ತಿರಲಿಲ್ಲ. ಸತ್ತೇಗಾಲದ ಹೊಳೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿಯಬೇಕಾದರೂ ಮಾದಪ್ಪನನ್ನು ನೆನೆದು, ಮೊದಲು ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟು, ಆಮೇಲೆ ಇಳಿಯುತ್ತಿದ್ದರು. ಹೀಗಾಗಿ ಆ ವಾಚು ತನ್ನ ಜನ್ಮದಲ್ಲಿ ಕಂಡ ಆಳವಾದ ನೀರೆಂದರೆ ನಮ್ಮ ಬಚ್ಚಲಿನ ಬಕೆಟ್ಟು. ಡಯಲಿನ ಸುತ್ತ ತಿರುಗಿಸಲು ಬರುವ ಒಂದು ಬಳೆ ಇದೆ. ಮುಳುಗಿದವನು ಎಷ್ಟು ಹೊತ್ತು ನೀರಿನೊಳಗಿದ್ದ ಎಂದು ಲೆಕ್ಕ ಇಡುವುದಕ್ಕೆ. ಅಪ್ಪ ಅದನ್ನು ತಿರುಗಿಸಿಟ್ಟು, ಯಾವ ಟ್ರ್ಯಾಕ್ಟರು ಎಷ್ಟು ಹೊತ್ತಿನಿಂದ ಬಿಸಿಲಿನಲ್ಲಿ ನಿಂತಿದೆ ಎಂದು ನೋಡಿಕೊಳ್ಳುತ್ತಿದ್ದರು. ಯಾರನ್ನೂ ಅನ್ಯಾಯವಾಗಿ ಕಾಯಿಸಬಾರದು ಎನ್ನುವುದು ಅವರ ಒಂದು ಹಟ. ಅವರ ಮಗನಿಗೆ ಆ ಹಟ ಬರಲಿಲ್ಲ, ವಾಚು ಮಾತ್ರ ಬಂತು.

ವಾಚಿಗೆ ವಯಸ್ಸಾಗಿತ್ತು, ನಿಜ. ಕೊಳ್ಳೇಗಾಲದ ಗಡಿಯಾರ ರಿಪೇರಿಯ ಬಾಷಾ ಸಾಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ಇದರ ಸಾಮಾನು ಈಗ ಎಲ್ಲೂ ಸಿಕ್ಕುವುದಿಲ್ಲ, ದಿನಕ್ಕೆ ಒಂದಿಷ್ಟು ನಿಮಿಷ ಹಿಂದೆ ಬಿದ್ದೇ ಬೀಳುತ್ತದೆ, ಆಗಾಗ ಸರಿಮಾಡಿಕೊಳ್ಳಿ ಎಂದಿದ್ದರು. ನಾನು ಸಂಜೆ ಏಳರ ವಾರ್ತೆಗೆ ಸರಿಮಾಡಿ ಟೀವಿಯ ಪಕ್ಕದಲ್ಲಿಡುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಹಿಂದೆ ಬಿದ್ದರೆ ಗೊತ್ತಾಗಬೇಕಲ್ಲ? ಆಗುತ್ತಿರಲಿಲ್ಲ. ಏಕೆಂದರೆ ನಮ್ಮ ಕಡೆಯ ಬಹಳ ಮನೆಗಳಂತೆ ನಮ್ಮ ಮನೆಯಲ್ಲೂ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವ ಪದ್ಧತಿ. ಅದು ಮುಂದಿದೆ ಎಂದು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಯಾರೂ ನಂಬುವುದಿಲ್ಲ. ಇನ್ನು ಮೊಬೈಲು. ಕೈಯಲ್ಲಿ ವಾಚಿರುವವನು ಹೊತ್ತು ನೋಡಲು ಜೇಬಿನಿಂದ ಫೋನು ತೆಗೆಯುವುದು, ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಪಕ್ಕದ ಮನೆಯವರ ಹತ್ತಿರ ಬುದ್ಧಿ ಕೇಳಿದ ಹಾಗೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ತಮ್ಮ ಫೋನು ತೋರಿಸಿ ನಿಮ್ಮ ವಾಚು ಹಿಂದಿದೆ ಎಂದರೆ, ನಿಮ್ಮದು ತಮಿಳುನಾಡಿನ ಟವರ್ ಹಿಡಿದಿರಬೇಕು ಎನ್ನುತ್ತಿದ್ದೆ. ಅಲ್ಲಿಯ ಟೈಮೂ ಇದೇ ಅಲ್ಲವೇ ಎಂದು ಗಣಿತದ ಮೇಷ್ಟ್ರು ಒಮ್ಮೆ ಕೇಳಿದರು. ನಾನು ಮಾತು ಬದಲಾಯಿಸಿದೆ. ನನ್ನ ಕೈಯಲ್ಲಿ ದೊಡ್ಡ ಸಾಕ್ಷಿ ಇತ್ತು: ಎಂಟು ನಲವತ್ತರ ಬಸ್ಸು ನನ್ನ ವಾಚಿನಲ್ಲಿ ಎಂಟು ನಲವತ್ತಕ್ಕೇ ಹೊರಡುತ್ತದೆ. ಬಸ್ಸಿಗಿಂತ ಸಾಕ್ಷಿ ಬೇಕೇ?

ಕಳೆದ ತಿಂಗಳು ನನಗೆ ಐವತ್ತು ತುಂಬಿತು. ಮಂಗಳ ಒಂದು ಡಬ್ಬಿ ತಂದು ಮುಂದಿಟ್ಟಳು. ಅವಳು ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಹಾಗೆ ಬೆರಳು ನೋಯಿಸಿಕೊಂಡು ಕೂಡಿಟ್ಟ ದುಡ್ಡಿನಲ್ಲಿ ತಂದದ್ದು. ತೆರೆದರೆ ಅಪ್ಪನ ವಾಚು! ಅಲ್ಲ, ಅಪ್ಪನ ವಾಚು ನನ್ನ ಕೈಯಲ್ಲೇ ಇತ್ತು. ಅದೇ ಕಂಪನಿಯವರು ಹಳೆಯ ಮಾಡೆಲನ್ನೇ ನೋಡಿಕೊಂಡು ಮತ್ತೆ ಮಾಡಿ ಬಿಟ್ಟಿದ್ದಾರಂತೆ. ಯಳಂದೂರಿನಲ್ಲಿರುವ ಅವಳ ತಮ್ಮ ಹುಡುಕಿ ತರಿಸಿಕೊಟ್ಟನಂತೆ. ನಾನು ಸಂತೋಷಪಟ್ಟೆನೋ ಅಥವಾ ಅಪ್ಪನ ಪಕ್ಕದಲ್ಲಿ ಅಪ್ಪನ ವೇಷ ಹಾಕಿದವನು ಬಂದು ಕೂತನಲ್ಲ ಎಂದು ಸಿಟ್ಟಾದೆನೋ, ಇವತ್ತಿಗೂ ಸರಿಯಾಗಿ ಹೇಳಲಾರೆ. ಹಳೆಯದು ಚೆನ್ನಾಗೇ ಇದೆಯಲ್ಲ ಎಂದೆ. ಅದಕ್ಕೂ ರಜ ಬೇಡವೇ ಎಂದು ಹೇಳಿ ಒಳಗೆ ಹೋದಳು.

ಭಾನುವಾರ ಮೇಜಿನ ಮೇಲೆ ಡ್ರಾಯಿಂಗ್ ಶೀಟು ಹಾಸಿ ಎರಡನ್ನೂ ಪಕ್ಕಪಕ್ಕದಲ್ಲಿ ಮಲಗಿಸಿ, ಪೆನ್ಸಿಲ್ ಹಿಡಿದು ಕೂತೆ. ಲೆಕ್ಕದಲ್ಲಿ ನಾನು ಹಿಂದೆ. ಆದರೆ ಗೆರೆ ಮತ್ತು ಬಣ್ಣದ ವಿಷಯದಲ್ಲಿ ನನ್ನ ಕಣ್ಣಿಗೆ ಮೋಸ ಮಾಡುವುದು ಕಷ್ಟ. ಹೊಸದು ಕೂದಲೆಳೆಯಷ್ಟು ಹೆಚ್ಚು ದಪ್ಪ. ಅದರ ಅಂಚುಗಳೆಲ್ಲ ಚೂಪು. ಅಪ್ಪನದರ ಅಂಚು ಅಂಗಿಯ ತೋಳಿಗೆ ತಿಕ್ಕಿ ತಿಕ್ಕಿ ಸೋಪಿನ ಬಿಲ್ಲೆಯ ಹಾಗೆ ದುಂಡಗಾಗಿದೆ. ಹೊಸದರ ಬಳೆ ಟಿಕ್ ಟಿಕ್ ಎಂದು ಲೆಕ್ಕವಿಟ್ಟು ತಿರುಗುತ್ತದೆ, ಒಂದೇ ಕಡೆಗೆ. ಹಳೆಯದು ಯಾವ ಕಡೆಗೆ ಬೇಕಾದರೂ ಸದ್ದಿಲ್ಲದೆ ತಿರುಗುತ್ತದೆ, ಚುನಾವಣೆ ಹೊತ್ತಿನ ನಮ್ಮ ಕೆಲವು ಮುಖಂಡರಂತೆ. ಹೊಸದರ ಸ್ಟೀಲ್ ಪಟ್ಟಿ ಗಟ್ಟಿಯಾಗಿ ಕೂರುತ್ತದೆ. ಹಳೆಯದು ಗಲಗಲ ಎನ್ನುತ್ತ ದಿನಕ್ಕೆರಡು ರೋಮ ಕೀಳುತ್ತದೆ. ತಾರೀಖಿನ ವಿಷಯಕ್ಕೆ ಬಂದರೆ ಅಪ್ಪನ ವಾಚಿನಲ್ಲಿ ದಿನ ಬದಲಾಗುವುದು ಮಧ್ಯಾಹ್ನ ಒಂದೂವರೆಗೆ. ಹಾಗಾಗಿ ನಾನು ಬೆಳಗಿನ ಪಾಠಗಳನ್ನೆಲ್ಲ ನಿನ್ನೆಯ ದಿನ ಮಾಡಿ, ಊಟವಾದ ಮೇಲೆ ಇವತ್ತಿಗೆ ಬರುತ್ತಿದ್ದೆ.

ಎಲ್ಲಕ್ಕಿಂತ ನನ್ನನ್ನು ಕೆಣಕಿದ್ದು ಡಯಲಿನ ಚುಕ್ಕೆಗಳು. ಕತ್ತಲಲ್ಲಿ ಹೊಳೆಯುವ ಚುಕ್ಕೆಗಳು ಅವು. ಅಪ್ಪನ ವಾಚು ಬಂದಾಗ ಬೆಳ್ಳಗಿದ್ದವು, ನನಗೆ ನೆನಪಿದೆ. ಯಾರ್ಡಿನ ಬಿಸಿಲಲ್ಲಿ ಬೆಂದು ಬೆಂದು ಈಗ ಚಿತ್ರಾನ್ನದ ಬಣ್ಣಕ್ಕೆ ತಿರುಗಿವೆ. ಕಂಪನಿಯವರು ಹೊಸ ವಾಚಿನ ಚುಕ್ಕೆಗಳಿಗೂ ಅದೇ ಹಳದಿ ಬಣ್ಣ ಹಾಕಿದ್ದಾರೆ! ಹೊಸ ಮನೆ ಕಟ್ಟಿ ಗೃಹಪ್ರವೇಶದ ದಿನವೇ ಗೋಡೆಗೆ ತೇವದ ಕಲೆ ಬರೆಸಿದಂತೆ. ನನ್ನ ಅಪ್ಪ ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತು ಸಂಪಾದಿಸಿದ ಹಳದಿಯನ್ನು ಇವರು ಒಂದು ಬ್ರಷ್ಷಿನಲ್ಲಿ ಎಳೆದುಬಿಟ್ಟರಲ್ಲ ಎನಿಸಿತು. ಗೆದ್ದದ್ದು ಅಪ್ಪನ ವಾಚೇ ಎಂದು ಶೀಟಿನ ಕೆಳಗೆ ಬರೆದು ಸಹಿ ಹಾಕಿದೆ. ಹೊತ್ತನ್ನು ಯಾವುದು ಸರಿಯಾಗಿ ತೋರಿಸುತ್ತದೆ ಎಂಬ ಪ್ರಶ್ನೆ ಮಾತ್ರ ನನ್ನ ತಲೆಗೆ ಬರಲೇ ಇಲ್ಲ. ವಾಚುಗಳನ್ನು ಹೋಲಿಸುವಾಗ ಅದನ್ನೂ ಕೇಳಬಹುದಿತ್ತು.

ಆದರೂ ಸೋಮವಾರ ಮಂಗಳ ಎದುರಿಗೇ ನಿಂತಿದ್ದರಿಂದ ಹೊಸದನ್ನು ಕಟ್ಟಿಕೊಂಡೆ. ಅಪ್ಪನದನ್ನು ಮನೆಯಲ್ಲಿ ಬಿಡಲು ಮನಸ್ಸಾಗದೆ ಅಂಗಿಯ ಜೇಬಿಗೆ ಹಾಕಿಕೊಂಡೆ. ಸ್ಟಾಪಿಗೆ ಹೋದರೆ ಬಸ್ಸೇ ಇಲ್ಲ. ಆರು ವರ್ಷದಲ್ಲಿ ಮೊದಲ ಸಲ ಸ್ಟಾಪು ಖಾಲಿ ಇದ್ದದ್ದನ್ನು ನೋಡಿದೆ. ಎರಡು ನಿಮಿಷದಲ್ಲಿ ಬಸ್ಸು ಬಂತು. ನಾಲ್ಕು ಜನರ ನಡುವೆ ಹಿಂದಿನ ಬಾಗಿಲಲ್ಲಿ ಹತ್ತಿ ಕಿಟಕಿಯ ಪಕ್ಕ ಕೂತೆ. ಬಸ್ಸು ಹೊರಡಲಿಲ್ಲ. ಮೂರು ನಿಮಿಷವಾಯಿತು. ಡ್ರೈವರ್ ಸಿದ್ದರಾಜು ಸ್ಟಿಯರಿಂಗ್ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದರು. ಕಂಡಕ್ಟರ್ ಮುಂದಿನ ಬಾಗಿಲಲ್ಲಿ ನೇತಾಡುತ್ತ, ನನಗೆ ಬೆನ್ನು ಮಾಡಿ ನಮ್ಮ ಬೀದಿಯ ಕಡೆಗೇ ನೋಡುತ್ತಿದ್ದ. ಬಸ್ಸಿನಲ್ಲಿ ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ. ಹೊಸ ವಾಚಿನ ಹುಮ್ಮಸ್ಸಿನಲ್ಲಿ, ಇದೇನು ಇವತ್ತು ಯಾಕೆ ನಿಂತಿದೆ ಎಂದು ಮೆಲ್ಲಗೆ ಕೇಳಿದೆ. ಕಂಡಕ್ಟರ್ ತಿರುಗಿಯೂ ನೋಡದೆ ಹೇಳಿದ:

"ಒಸಿ ಇರ್ರಿ. ಡ್ರಾಯಿಂಗ್ ಮೇಷ್ಟ್ರು ಬರ್ಬೇಕು."

ಜೇಬಿನಿಂದ ಅಪ್ಪನ ವಾಚು ತೆಗೆದು ನೋಡಿದೆ. ಹೊಸದರಲ್ಲಿ ಎಂಟು ನಲವತ್ಮೂರು. ಅಪ್ಪನದರಲ್ಲಿ ಎಂಟು ಮೂವತ್ತೈದು. ಅಂದರೆ ನಾನು ಇನ್ನೂ ಮನೆಯಲ್ಲಿ ಚಪ್ಪಲಿ ಹುಡುಕುತ್ತಿರಬೇಕಾದ ಹೊತ್ತು. ಲೆಕ್ಕದಲ್ಲಿ ಹಿಂದಿರುವ ನನಗೂ ಆ ಲೆಕ್ಕ ತಟ್ಟನೆ ಬಗೆಹರಿಯಿತು. ಬಸ್ಸು ನನ್ನ ವಾಚಿನಂತೆ ಹೊರಡುತ್ತಿದ್ದದ್ದು ವಾಚು ಸರಿಯಿದ್ದುದರಿಂದಲ್ಲ. ಎಂಟು ನಿಮಿಷ ಇಡೀ ಬಸ್ಸು ನನಗಾಗಿ ಕಾದು ನಿಲ್ಲುತ್ತಿತ್ತು. ದಿನಾ, ಆರು ವರ್ಷ. ನಾನು ಇಲ್ಲೇ ಇದ್ದೇನೆ ಎನ್ನುವಂತೆ ಕೈ ಎತ್ತಿದೆ, ಹಾಜರಿ ಹೇಳುವ ಹುಡುಗರ ಹಾಗೆ. ಬಸ್ಸೆಲ್ಲ ನಕ್ಕಿತು. ಆ ನಗೆಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಇನ್ನಷ್ಟು ಸುಲಭವಾಗುತ್ತಿತ್ತು.

ಕಾಮಗೆರೆಯಲ್ಲಿ ಬಸ್ಸು ನಿಂತಿತು. ಸಿದ್ದರಾಜು ಇಳಿದು ಹೋಟೆಲಿನ ಬೆಂಚಿನ ಮೇಲೆ ಕೂತು ಇಡ್ಲಿ ತರಿಸಿಕೊಂಡರು. ಇಲ್ಲಿ ಬಸ್ಸು ಇಷ್ಟು ಹೊತ್ತು ನಿಂತದ್ದನ್ನೇ ನಾನು ನೋಡಿರಲಿಲ್ಲ. ಕಂಡಕ್ಟರನನ್ನು ಕೇಳಿದಾಗ ಉಳಿದದ್ದು ತಿಳಿಯಿತು. ಹಿಂದಿನ ಬಸ್ಸಿನವರ ಜೊತೆ ಟೈಮಿಂಗ್ ಜಗಳ ಬರಬಾರದು, ಹನೂರಿಗೆ ಹೊತ್ತಿಗೆ ಮುಟ್ಟಬೇಕು. ಹಾಗಾಗಿ ನಮ್ಮ ಸ್ಟಾಪಿನಲ್ಲಿ ಹೋದ ಎಂಟು ನಿಮಿಷವನ್ನು ಇಲ್ಲಿ, ಡ್ರೈವರ್ ತಿಂಡಿಯ ಹೊತ್ತಿನಲ್ಲಿ ಮುರಿದುಕೊಳ್ಳುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಬೇಕು. ಬೀಳುತ್ತಿರಲಿಲ್ಲ. ಎರಡು ಸಲ ಹನೂರಿನಲ್ಲಿ ಬಸ್ಸು ನಿಲ್ಲಿಸಿದ ಮೇಲೆ ಕೈ ನಡುಗಿ, ಬೆವರಿ, ಸೀಟಿನಿಂದ ಏಳಲಾಗದೆ ಕೂತಿದ್ದರಂತೆ. ಆ ಎರಡೂ ದಿನ ನಾನು ಅದೇ ಬಸ್ಸಿನಿಂದ ಇಳಿದು, ವಾಚು ನೋಡಿಕೊಂಡು, ಹೆಮ್ಮೆಯಿಂದ ಸ್ಕೂಲಿನ ಕಡೆ ನಡೆದಿರಬೇಕು.

ಅವರ ಪಕ್ಕದ ಬೆಂಚಿನಲ್ಲಿ ಕೂತು, ತಪ್ಪಾಯಿತು, ಒಂದು ಮಾತು ಹೇಳಬಾರದಿತ್ತೇ ಎಂದೆ.

"ಏನಂತ ಯೋಳದು ಸಾ? ದಿನಾ ಬಂದು ಅಪ್ಪನ ವಾಚು ಅಪ್ಪನ ವಾಚು ಅಂತಿದ್ರಿ" ಎಂದು ಅವರು ಚಟ್ನಿಯಲ್ಲಿ ಇಡ್ಲಿ ಅದ್ದಿಕೊಂಡರು. "ಸತ್ತೋರ ವಾಚ್ ತಪ್ಪು ಅಂತ ಎಂಗೆ ಅನ್ನದು? ನಾವೇ ಒಸಿ ನಿಂತ್ಕಂಡ್ರೆ ಆಯ್ತದೆ ಅಂದ್ಕಂಡೋ."

ನನಗೆ ಕಣ್ಣು ತುಂಬಿತು. ಐವತ್ತು ತುಂಬಿದವನು ಹೋಟೆಲಿನಲ್ಲಿ ಅಳಬಾರದೆಂದು ನಾನೂ ಎರಡು ಇಡ್ಲಿ ಹೇಳಿದೆ.

ಸಂಜೆ ಮನೆಗೆ ಬಂದು ಇದನ್ನೆಲ್ಲ ಮಂಗಳಳಿಗೆ ಒಂದು ದೊಡ್ಡ ಪತ್ತೇದಾರಿ ಕತೆಯಂತೆ ಹೇಳಿದೆ. ಅವಳು ಕುಚ್ಚು ಕಟ್ಟುತ್ತಲೇ ಕೇಳಿದಳು, ಎಲ್ಲೂ ಆಶ್ಚರ್ಯಪಡಲಿಲ್ಲ. ಆಗ ನನಗೆ ಅನುಮಾನ ಬಂತು. ಸಿದ್ದರಾಜು ಅವರ ಹೆಂಡತಿಯೂ ಇವಳ ಜೊತೆ ಕುಚ್ಚು ಕಟ್ಟುವವರು. ಗಂಡ ಬೆವರಿ ಕೂತ ಸಂಗತಿಯನ್ನು ಅವರು ಹೇಳಿ ಎರಡು ತಿಂಗಳಾಗಿತ್ತಂತೆ.

"ನಿಮ್ಮಪ್ಪನ ವಾಚು ಸರಿಯಿಲ್ಲ ಅಂದಿದ್ರೆ ನೀವು ಮೂರು ದಿನ ಮಾತು ಬುಡ್ತಿದ್ರಿ. ಬ್ಯಾರೆ ಥರದ್ದು ತಂದಿದ್ರೆ ಕಟ್ಕತಿರ್ಲಿಲ್ಲ" ಎಂದಳು. "ಅದ್ಕೇಯ, ಅದರಂಗೇ ಇರೋದ ಹುಡುಕಿಸ್ದೆ."

ಆ ಹಳದಿ ಚುಕ್ಕೆಗಳನ್ನು ಮತ್ತೆ ನೋಡಿದೆ. ಅವು ಹಾಗೇ ಹಳದಿಯಾಗಿ ಇರಲೆಂದು ಅವಳು ಎಷ್ಟು ಸೆರಗುಗಳ ಎಷ್ಟು ದಾರ ಗಂಟು ಹಾಕಿರಬೇಕು! ಕಂಪನಿಯವರ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು. ಡ್ರಾಯಿಂಗ್ ಶೀಟಿನ ಕೆಳಗಿನ ತೀರ್ಪನ್ನು ರಬ್ಬರಿನಿಂದ ಅಳಿಸಿದೆ. ನಾನು ಆರು ವರ್ಷ ಹೊತ್ತಿಗೆ ಸರಿಯಾಗಿ ನಡೆದದ್ದು ನಿಜವೇ; ನಡೆಸಿದವರು ಬೇರೆಯವರು. ಅವರೆಲ್ಲರ ಋಣ ನನ್ನ ಮೇಲಿದೆ, ಮತ್ತು ಅದು ನನಗೆ ಭಾರವಾಗಿಲ್ಲ, ಬೆಚ್ಚಗಿದೆ. ಈಗ ಸೋಮವಾರದಿಂದ ಶನಿವಾರದವರೆಗೆ ಹೊಸ ವಾಚು, ಭಾನುವಾರ ಅಪ್ಪನದು. ಭಾನುವಾರ ನನಗಾಗಿ ಯಾರೂ ಕಾಯುವುದಿಲ್ಲ. ಸಿದ್ದರಾಜು ದಿನಾ ಕಾಮಗೆರೆಯಲ್ಲಿ ಬಿಸಿ ಇಡ್ಲಿ ತಿನ್ನುತ್ತಾರೆ.

ಇಲ್ಲಿಗೆ ಮುಗಿಸಿದ್ದರೆ ನಾನು ತಿದ್ದಿಕೊಂಡ ಮನುಷ್ಯನೆಂದು ನೀವು ನಂಬುತ್ತಿದ್ದಿರಿ. ಆದರೆ ಮೊನ್ನೆ ಗುರುವಾರದ ಸಂಗತಿ ಹೇಳದೆ ಇರಲಾರೆ. ಕಾಮಗೆರೆಯ ಆಸ್ಪತ್ರೆಗೆ ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸೊಬ್ಬರು ಈಗ ನಮ್ಮ ಸ್ಟಾಪಿನಲ್ಲೇ ಹತ್ತುತ್ತಾರೆ. ಅವತ್ತು ಬಂದಿರಲಿಲ್ಲ. ಎಂಟು ನಲವತ್ತೊಂದಾಯಿತು, ನಲವತ್ತೆರಡಾಯಿತು. ನಾನು ಹೊಸ ವಾಚನ್ನು ನಾಲ್ಕು ಜನಕ್ಕೆ ಕಾಣುವಂತೆ ಎತ್ತಿ ಹಿಡಿದು, ಜನಕ್ಕೆ ಹೊತ್ತಿನ ಬೆಲೆಯೇ ಗೊತ್ತಿಲ್ಲ, ಡ್ರೈವರಿಗೆ ಶುಗರ್ ಇದೆ, ಅವರ ತಿಂಡಿಯ ಗತಿ ಏನು, ಒಬ್ಬರಿಗೋಸ್ಕರ ಇಡೀ ಬಸ್ಸು ಎಷ್ಟೂಂತ ಕಾಯಬೇಕು ಎಂದು ಗಟ್ಟಿಯಾಗಿ ಹೇಳಿದೆ.

ಸಿದ್ದರಾಜು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಬರ್ಲಿ ಬುಡಿ ಸಾ. ದಿನಾ ಬರಾರ ಬುಟ್ಟು ಓಗಾಕಾದದಾ" ಎಂದರು.

ಬಸ್ಸಿನಲ್ಲಿ ಯಾರೂ ನಗಲಿಲ್ಲ. ಆರು ವರ್ಷದಿಂದ ನನ್ನನ್ನು ಬಲ್ಲ ಇಪ್ಪತ್ತು ಮೂವತ್ತು ಜನ ಕಿಟಕಿಯಾಚೆ ನೋಡಿದರು. ಅಷ್ಟರಲ್ಲಿ ಆಕೆ ಏದುಸಿರು ಬಿಡುತ್ತ ಓಡಿ ಬಂದು, ತಡವಾಯಿತು, ತಪ್ಪು ತಿಳಿಯಬೇಡಿ ಎಂದು ಎಲ್ಲರಿಗೂ ಹೇಳುತ್ತ ಹತ್ತಿದರು. ಬಸ್ಸು ಹೊರಟಿತು. ನಾನು ಎದ್ದು ನನ್ನ ಸೀಟನ್ನು ಆಕೆಗೆ ಕೊಟ್ಟು, ವಾಚಿರುವ ಕೈಯನ್ನು ಪ್ಯಾಂಟಿನ ಜೇಬಿನೊಳಗೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಹನೂರಿನವರೆಗೂ ನಿಂತೇ ಹೋದೆ.