ನಮ್ಮ ಹನಿಮೂನಿಗೆ ಬಂದವರು

ಹೊಸದಾಗಿ ಮದುವೆಯಾದವರು ಎಲ್ಲಿಗೆ ಹೋಗಿಬರಬೇಕು ಎಂಬ ವಿಷಯದಲ್ಲಿ ನನ್ನಷ್ಟು ತಿಳಿದವನು ದಾಂಡೇಲಿಯಲ್ಲಿ ಇನ್ನೊಬ್ಬನಿಲ್ಲ ಎಂಬ ಸುದ್ದಿ ನಮ್ಮ ಕಾಗದದ ಕಾರ್ಖಾನೆಯಲ್ಲಿ ಹೇಗೋ ಹಬ್ಬಿಬಿಟ್ಟಿದೆ. ಲಗ್ನಪತ್ರಿಕೆ ಕೊಡಲು ಟೈಮ್ ಆಫೀಸಿಗೆ ಬರುವ ಹುಡುಗರು, ಅರಿಶಿನ ಹಚ್ಚಿದ ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟ ಮೇಲೂ ಹೋಗದೆ ಅಲ್ಲೇ ನಿಂತು ಕಿವಿ ಕೆರೆದುಕೊಳ್ಳುತ್ತಾರೆ. ನನಗೆ ಅರ್ಥವಾಗುತ್ತದೆ. ಗೋವಾ ಈಗ ನಮ್ಮದೇ ಆಗಿದೆ, ಹೋಗಿ ಸಮುದ್ರ ನೋಡಿ ಎನ್ನುತ್ತೇನೆ. ಅಷ್ಟು ದೂರ ಬೇಡವೆಂದರೆ ಸೂಪಾದ ಹೊಳೆಯ ದಂಡೆ, ಅದೂ ಬೇಡವೆಂದರೆ ಕುಳಗಿಯ ಫಾರೆಸ್ಟ್ ಬಂಗಲೆ. ಕುಳಗಿಯ ಹೆಸರು ಬಂದಾಗ ಮಾತ್ರ ನನ್ನ ದನಿ ಸ್ವಲ್ಪ ಬದಲಾಗುತ್ತದಂತೆ. ಆಗಲೇಬೇಕು. ನಾನು ಎರಡು ಸಲ ಹನಿಮೂನಿಗೆ ಹೋಗಿಬಂದ ಮನುಷ್ಯ. ಎರಡು ಸಲವೂ ಇದ್ದೊಬ್ಬ ಹೆಂಡತಿಯ ಜೊತೆಗೇ, ಎರಡು ಸಲವೂ ಕುಳಗಿಗೇ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂಬುದನ್ನು ಇನ್ನೂ ತೀರ್ಮಾನಿಸಲಾಗಿಲ್ಲ.

ಮೊದಲನೆಯದು ನಮ್ಮ ಮದುವೆಯಾದ ವರ್ಷದ ಮಾತು. ಆಗ ಕಾರ್ಖಾನೆಯೂ ಹೊಸದು, ನಾನೂ ಹೊಸಬ. ಧಾರವಾಡದ ಕಡೆಯಿಂದ ಬಂದ ನನಗೆ ಕೊಟ್ಟಿದ್ದ ಕ್ವಾರ್ಟರ್ಸಿನಲ್ಲಿ ಒಂದು ಖೋಲಿ, ಒಂದು ಅಡಿಗೆಮನೆ. ಎರಡರ ನಡುವೆ ಬಾಗಿಲ ಚೌಕಟ್ಟಿತ್ತು, ಬಾಗಿಲಿರಲಿಲ್ಲ. ಅಲ್ಲಿ ಅವ್ವನ ಹಳೆಯ ಇಳಕಲ್ಲ ಸೀರೆಯೊಂದು ಪರದೆಯಾಗಿ ತೂಗುತ್ತಿತ್ತು. ಮನೆಯಲ್ಲಿ ಅವ್ವ, ನಾನು, ಮುಂಡಗೋಡದಿಂದ ಬಂದ ಹೊಸ ಸೊಸೆ ಗಿರಿಜಾ, ಮತ್ತು ಅವ್ವನ ತಮ್ಮ ಮಲ್ಲಪ್ಪಮಾವ. ಮಾವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಮೇಲೆ ‘ಬ್ಯಾರೆ ಮನಿ ಸಿಗೂತನಕ’ ಎಂದು ಬಂದವನು. ಅವನ ಪ್ರಕಾರ ದಾಂಡೇಲಿಯಲ್ಲಿ ಮನೆಗಳು ಸಿಗುವುದು ಬಹಳ ಕಷ್ಟ. ಆತ ರಾತ್ರಿ ಪಾಳಿಗೆ ಹೋದ ವಾರ ಖೋಲಿ ನಮ್ಮಿಬ್ಬರದಾಗುತ್ತಿತ್ತು. ಆದರೆ ಪರದೆಯ ಆಚೆ ಅವ್ವ ಇದ್ದಳು. ಗಿರಿಜಾಳ ಹಸಿರು ಬಳೆ ಸ್ವಲ್ಪ ಸದ್ದು ಮಾಡಿದರೆ ಸಾಕು, “ಯಾಕ ಚನಬಸೂ, ತಿಗಣಿ ಕಡ್ಯಾಕ ಹತ್ತ್ಯಾವೇನ?” ಎಂದು ವಿಚಾರಿಸುತ್ತಿದ್ದಳು. ಸಂಸಾರ ನಡೆಯುವುದಕ್ಕೆ ಏಕಾಂತ ಅಷ್ಟಾಗಿ ಬೇಕಾಗುವುದಿಲ್ಲ, ನಡೆಯಿತು. ಮಾತಾಡುವುದಕ್ಕೆ ಬೇಕಾಗುತ್ತದೆ, ಅದು ನಡೆಯಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಬಚ್ಚಲಿನ ಮುಂದೆ ಟವೆಲು ಹಿಡಿದು ನಿಂತಿದ್ದಾಗ, ಗಿರಿಜಾ ಬಿಸಿನೀರಿನ ಕೊಡ ಇಳಿಸುತ್ತ, ತಲೆಯೆತ್ತದೆ, “ನಿಮಗೊಂದು ಮಾತು ಹೇಳಬೇಕಾಗೇತ್ರಿ” ಎಂದಳು.

“ಏನು? ಹೇಳು.”

“ಇಲ್ಲೆ ಬ್ಯಾಡ್ರಿ. ಯಾರೂ ಇಲ್ಲದಲ್ಲೆ ಹೇಳ್ತೇನಿ.”

ಅಷ್ಟರಲ್ಲಿ ಮಾವ ಬಾಯಲ್ಲಿ ಬೇವಿನಕಡ್ಡಿ ಕಚ್ಚಿಕೊಂಡು ಬಂದ. ಅವಳು ಸೆರಗು ಎಳೆದುಕೊಂಡು ಒಳಗೆ ಹೋದಳು. ನಾನು ಆ ದಿನ ಆಫೀಸಿನ ಹಾಜರಿ ಪುಸ್ತಕದಲ್ಲಿ ಇದ್ದವರನ್ನೆಲ್ಲ ಗೈರುಹಾಜರಿ ಮಾಡಿದೆ. ಏನಿದ್ದೀತು ಆ ಮಾತು? ಬಸಿರಿನ ಸುದ್ದಿಯಾಗಿದ್ದರೆ ಅದನ್ನು ಅವ್ವ ನನಗಿಂತ ಮೊದಲೇ ಪತ್ತೆಮಾಡಿ ಇಡೀ ಕಾಲೊನಿಗೆ ಸಕ್ಕರೆ ಹಂಚಿರುತ್ತಿದ್ದಳು. ಅವ್ವನ ಮೇಲಿನ ದೂರೇ? ನನ್ನ ಮೇಲಿನದೇ? ಅಥವಾ ಹೊಸ ಹುಡುಗಿ ಹೊಸ ಗಂಡನಿಗೆ ಹೇಳುವಂಥದ್ದು, ನಾನು ಜನ್ಮದಲ್ಲಿ ಯಾರಿಂದಲೂ ಕೇಳಿರದಂಥದ್ದು ಏನಾದರೂ? ಕೇಳಬೇಕೆಂಬ ಆಸೆ ನನಗೆ ಹಸಿವಿನ ಹಾಗೆ ಹತ್ತಿಕೊಂಡಿತು.

ಉರಿಗೆ ಎಣ್ಣೆ ಸುರಿದವನು ನನ್ನ ಪಕ್ಕದ ಮೇಜಿನ ದೇಶಪಾಂಡೆ. ಬೆಳಗಾವಿಯ ಈ ಮಹಾಶಯ ಲಗ್ನವಾಗಿ ನೇರ ಮಹಾಬಳೇಶ್ವರಕ್ಕೆ ಹೋಗಿ, ಹೆಂಡತಿಯ ಸಮೇತ ಕುದುರೆ ಹತ್ತಿ ಫೋಟೋ ತೆಗೆಸಿಕೊಂಡು ಬಂದಿದ್ದ. ಹನಿಮೂನ್ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಅವನ ಬಾಯಿಂದಲೇ. “ಅಲ್ಲಿ ಏನ್ ಮಾಡಿದ್ರಿ?” ಎಂದು ಕೇಳಿದೆ. “ಏನೂ ಇಲ್ಲೋ ಮಾರಾಯಾ, ಬರೇ ಮಾತಾಡಿದ್ವಿ” ಎಂದ. ಕುದುರೆ ಇರಲಿ ಬಿಡಿ, ಮಾತಾಡಿದರಂತೆ!

ಕುಳಗಿಯ ಬಂಗಲೆಯನ್ನು ಎರಡು ದಿನಕ್ಕೆ ಕೊಡಿಸುತ್ತೇನೆಂದು ಪರಿಚಯದ ಫಾರೆಸ್ಟ್ ಗಾರ್ಡೊಬ್ಬ ಒಪ್ಪಿಕೊಂಡ. ಉಳಿದದ್ದು ಅವ್ವನಿಗೆ ಹೇಳುವುದು. ‘ನಾನು ನನ್ನ ಹೆಂಡತಿಯ ಜೊತೆ ಮಾತಾಡಲು ಅಡವಿಗೆ ಹೋಗುತ್ತೇನೆ’ ಎಂದು ಯಾವ ಮಗ ತಾನೇ ಹೇಳಿಯಾನು? ನಮ್ಮದು ಶಿವಭಕ್ತರ ಮನೆ. ಪೂಜೆಯಾಗದೆ ಅವ್ವ ನೀರು ಸಹ ಕುಡಿಯುವವಳಲ್ಲ. ದೇವರ ಹೆಸರು ಹೇಳಿದರೆ ಬೇಡವೆನ್ನಲಾರಳು ಎಂದು ಯೋಚಿಸಿದೆ. ಉಳವಿಯ ಜಾತ್ರೆ ಎಂದರೆ ಎಲ್ಲರೂ ಚಕ್ಕಡಿ ಹೂಡಿಬಿಡುತ್ತಾರೆ, ಅಷ್ಟು ತಿಳಿವಳಿಕೆ ನನಗಿತ್ತು. ಆದ್ದರಿಂದ ಬಹಳ ಮಂದಿಗೆ ಗೊತ್ತಿಲ್ಲದ ಕವಳಾ ಗುಹೆಯನ್ನು ಆರಿಸಿದೆ. ಕಾಡಿನ ಒಳಗೆ, ಕಲ್ಲಿನ ಸಂದಿಯಲ್ಲಿ ಮಂಡಿಯೂರಿ ತೆವಳಿಕೊಂಡು ಹೋದರೆ ತಾನಾಗಿ ಮೂಡಿದ ಲಿಂಗವಿದೆ. ಹೊಸ ಜೋಡಿ ಹೋಗಿ ಕೈಮುಗಿದರೆ ಒಳ್ಳೆಯದಂತೆ ಎಂದೆ. ಕೊನೆಯ ವಾಕ್ಯ ನನ್ನ ಸ್ವಂತದ್ದು.

ಅವ್ವ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯನ್ನೇ ಜೋಡಿಸಿದಳು. “ಅಯ್ಯ ಶಿವನ! ಇಷ್ಟು ಹತ್ತಿರದಾಗ ಲಿಂಗಪ್ಪ ಮೂಡ್ಯಾನ, ನನಗೊಂದು ಮಾತು ಹೇಳಿಲ್ಲಲ್ಲೋ ನೀನು? ನಾ ಬರಲಾರದ ನೀವಿಬ್ಬರ ಹೆಂಗ ಹೋಗ್ತೀರಿ? ದೇವರ ಕಾರ್ಯ ಅದು, ಕದ್ದು ಮಾಡೂದೇನ?”

ಮಾವ ಖೋಲಿಯಿಂದಲೇ, “ಅಕ್ಕಾ, ನನಗೂ ಸೋಮವಾರ ಸೂಟಿ ಐತಿ” ಎಂದು ಕೂಗಿದ.

ದೇವರ ಹೆಸರು ಹೇಳಿದರೆ ನಮ್ಮವರು ಬೇಡವೆನ್ನುವುದಿಲ್ಲ ಎಂಬುದಷ್ಟೇ ನನ್ನ ತಲೆಗೆ ಹೊಳೆದಿತ್ತು. ಅವರು ತಾವೂ ಬರುತ್ತಾರೆ ಎಂಬುದು, ಅದೇ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲ. ಅಷ್ಟಕ್ಕೇ ಮುಗಿಯಲೂ ಇಲ್ಲ. ಬೀಗರಿಗೆ ಹೇಳದೆ ಹೋದರೆ ನಾಳೆ ಮಾತು ಬರುತ್ತದೆಂದು ಅವ್ವ ಸಂತೆಗೆ ಹೊರಟವರ ಕೈಯಲ್ಲಿ ಮುಂಡಗೋಡಕ್ಕೆ ಹೇಳಿಕಳಿಸಿದಳು. ಭಾನುವಾರದ ಬಸ್ಸಿಗೆ ನನ್ನ ಅತ್ತೆ ಮತ್ತು ಮಾವನವರು, ಸಿಹಿ ಮಾದಲಿಯ ಡಬ್ಬಿ ಮತ್ತು ಹೊಸ ಕಂಬಳಿಯ ಸಮೇತ ಹಳಿಯಾಳದ ಮೇಲೆ ಹಾದು ಬಂದು ಇಳಿದರು. ಗಿರಿಜಾ ಓಡಿಹೋಗಿ ತಾಯಿಯನ್ನು ತಬ್ಬಿಕೊಂಡಳು. ನಾನು ಕಂಬಳಿಯನ್ನು ಹೊತ್ತುಕೊಂಡು ಹಿಂದೆ ನಡೆದೆ.

ಅದೇ ದಿನ ಮಧ್ಯಾಹ್ನ, ಬಿದಿರು ತಂದು ಇಳಿಸಿ ಖಾಲಿಯಾಗಿ ಕಾಡಿಗೆ ಮರಳುವ ಲಾರಿಯಲ್ಲಿ ನಮ್ಮ ಹನಿಮೂನು ಹೊರಟಿತು. ಹೆಂಗಸರು ಮುಂದೆ ಡ್ರೈವರನ ಪಕ್ಕದಲ್ಲಿ; ಗಂಡಸರು ಹಿಂದೆ, ಬಿದಿರಿನ ಸಿಬಿರುಗಳ ಮೇಲೆ. ಮಲ್ಲಪ್ಪಮಾವ ದಾರಿಯುದ್ದಕ್ಕೂ ಭಜನೆ ಹೇಳಿದ. ಕುಳಗಿ ಸೇರಿದಾಗ ಬಂಗಲೆ ಕಂಡು ನನಗೆ ಅಳು ಬಂತು, ಅಷ್ಟು ಚೆನ್ನಾಗಿತ್ತು. ಸುತ್ತ ಸಾಗುವಾನಿ ಮರ, ಮುಂದೆ ಪಡಸಾಲೆ, ಅದರಲ್ಲಿ ಎರಡೇ ಎರಡು ಬೆತ್ತದ ಕುರ್ಚಿ. ಒಂದರಲ್ಲಿ ಮಾವನವರು ಕುಳಿತರು, ಇನ್ನೊಂದರಲ್ಲಿ ಮಲ್ಲಪ್ಪಮಾವ. ಅವ್ವ ಒಳಗೆಲ್ಲ ಓಡಾಡಿ ನೋಡಿಬಂದು, “ಎರಡು ಕ್ವಾಣಿ ಅದಾವ, ಚಲೋ ಆತು. ಗಂಡಸೂರು ಆ ಕಡೆ, ಹೆಣ್ಣಮಕ್ಕಳು ಈ ಕಡೆ” ಎಂದು ಹಂಚಿಬಿಟ್ಟಳು. ನಾನು ಗಿರಿಜಾಳ ಮುಖ ನೋಡಿದೆ. ಅವಳೂ ನೋಡಿದಳು. ಅವಳ ಕಣ್ಣಲ್ಲಿ ಆ ಮಾತು ಇನ್ನೂ ಇತ್ತು. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಉಳಿದದ್ದು ಗುಹೆ. ಅಲ್ಲಿ ಒಬ್ಬೊಬ್ಬರಾಗಿ ತೆವಳಬೇಕು, ಕತ್ತಲಿರುತ್ತದೆ, ಹಿಂದೆ ಯಾರು ಮುಂದೆ ಯಾರು ಕಾಣುವುದಿಲ್ಲ. ಮರುದಿನ ಅಲ್ಲಿಗೆ ಹೋದಾಗ ನಾನು ಯೋಜನೆ ಹಾಕಿದೆ. ದಾರಿ ತೋರಿಸುವವನು ಕಂದೀಲು ಹಿಡಿದು ಮುಂದೆ, ಅವನ ಹಿಂದೆ ಅವ್ವ ಮತ್ತು ಭಜನೆಯ ಮಲ್ಲಪ್ಪಮಾವ, ಆಮೇಲೆ ನಾನು, ನನ್ನ ಬೆನ್ನಿಗೇ ಗಿರಿಜಾ. ಸ್ವಲ್ಪ ಹಿಂದುಳಿದರೆ ಮುಗಿಯಿತು. ನಾನು ತಲೆ ತಗ್ಗಿಸಿ ಕಲ್ಲಿನ ಸಂದಿಯಲ್ಲಿ ನುಗ್ಗಿದೆ. ಭಜನೆ ದೂರವಾಗುವವರೆಗೆ ಕಾದು, ಹಿಂದಿನ ಉಸಿರಾಟದ ಕಡೆಗೆ ಮೆಲ್ಲಗೆ, “ಈಗ ಹೇಳು. ಇಲ್ಲೆ ಯಾರೂ ಇಲ್ಲ” ಎಂದೆ.

ಹಿಂದೆ ಕಲ್ಲಿಗೆ ಮಂಡಿ ಉಜ್ಜಿದ ಸದ್ದಾಯಿತು.

“ನಾಚಬ್ಯಾಡ. ನಿನ್ನ ಮನಸಿನ್ಯಾಗ ಏನೈತಿ, ಎಲ್ಲಾ ಹೇಳಿಬಿಡು” ಎಂದು ಹಿಂದಕ್ಕೆ ಕೈ ಚಾಚಿದೆ. ಕೈಗೆ ಕೈ ಸಿಕ್ಕಿತು. ಅದರಲ್ಲಿ ಬಳೆ ಇರಲಿಲ್ಲ. ನೇಗಿಲು ಹಿಡಿದು ದಪ್ಪಗಟ್ಟಿದ ಬೆರಳುಗಳಿದ್ದವು.

ಕತ್ತಲಲ್ಲಿ ಮಾವನವರು ಒಮ್ಮೆ ಕೆಮ್ಮಿದರು. “ಮನಸಿನ್ಯಾಗ ಏನಿರತೈತ್ರಿ, ಅಳಿಯಾರ. ಎಲ್ಲಾ ಚಲೋ ಐತಿ. ಈ ಸಲ ಭತ್ತನೂ ಚಲೋ ಬಂದೈತಿ.”

ಗುಹೆಯ ಬಾಯಿ ನೋಡಿ ಅತ್ತೆ ಹೆದರಿದರಂತೆ. ಅವರ ಜೊತೆ ಗಿರಿಜಾ ಹೊರಗೇ ಉಳಿದಿದ್ದಳು. ನಾನು ಲಿಂಗದ ಮುಂದೆ ಏನು ಬೇಡಿಕೊಂಡೆನೋ ನೆನಪಿಲ್ಲ, ಒಳ್ಳೆಯದನ್ನಂತೂ ಅಲ್ಲ. ಹೊರಗೆ ಬಂದಾಗ ತಾಯಿ ಮಗಳು ಬಂಡೆಯ ಮೇಲೆ ಕುಳಿತು ಯಾವುದಕ್ಕೋ ಗಟ್ಟಿಯಾಗಿ ನಗುತ್ತಿದ್ದರು. ಅವ್ವ ಹೋಗಿ ಕುಳಿತ ಮೇಲೆ ಮೂವರೂ ನಕ್ಕರು. ನನ್ನ ಹೆಂಡತಿ ಅಷ್ಟು ಬಿಚ್ಚಿ ನಕ್ಕಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಖುಷಿಪಡಬೇಕಿತ್ತು, ನನಗೆ ಸಿಟ್ಟು ಬಂತು. ಈಗಲೂ ಇದೆ.

ಊರಿಗೆ ಮರಳಿದ ಮೇಲೆ ಮತ್ತೊಮ್ಮೆ ಬಚ್ಚಲ ಮುಂದೆ ಕೇಳಿದೆ. “ಇನ್ನೊಮ್ಮೆ ಹೇಳ್ತೇನ್ರಿ” ಎಂದಳು. ಆಮೇಲೆ ಮಗಳು ಹುಟ್ಟಿದಳು, ಮಗ ಹುಟ್ಟಿದ, ಇನ್ನೊಬ್ಬ ಹುಟ್ಟಿದ. ಅವ್ವನಿಗೆ ಮಂಡಿನೋವು ಬಂತು, ಮಲ್ಲಪ್ಪಮಾವನಿಗೆ ಮದುವೆಯಾಯಿತು, ಅವನ ಹೆಂಡತಿಯೂ ಮನೆ ಸಿಗುವ ತನಕ ನಮ್ಮಲ್ಲೇ ಇದ್ದಳು. ಕೊನೆಗೆ ಅವರು ಸಾಂಬ್ರಾಣಿ ಎಂಬ ಹಳ್ಳಿಯಲ್ಲಿ ಹೊಲ ಮಾಡಿಕೊಂಡು ಹೋದರು. ಅವ್ವ ತೀರಿಕೊಂಡಳು. ನನಗೆ ಬಡ್ತಿಯಾಗಿ ದೊಡ್ಡ ಕ್ವಾರ್ಟರ್ಸು ಬಂತು, ಪ್ರತಿ ಕೋಣೆಗೂ ಬಾಗಿಲು, ಪ್ರತಿ ಬಾಗಿಲಿಗೂ ಚಿಲಕ. ಅಷ್ಟು ಚಿಲಕಗಳನ್ನು ಇಟ್ಟುಕೊಂಡು ಏನು ಮಾಡಬೇಕೆಂದು ನಮಗೆ ತಿಳಿಯಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಕ್ಕಳು ಮುಂಡಗೋಡಕ್ಕೆ ಅಜ್ಜನ ಮನೆಗೆ ಹೋದಾಗ ನನಗೆ ಹಟ ಹುಟ್ಟಿತು. ಕುಳಗಿಯ ಬಂಗಲೆಯನ್ನು ಎರಡು ದಿನಕ್ಕೆ ಹಿಡಿದೆ. ಯಾವ ದೇವರ ಹೆಸರನ್ನೂ ಎತ್ತಲಿಲ್ಲ, ಯಾರಿಗೂ ಹೇಳಲಿಲ್ಲ. ಅದೇ ಪಡಸಾಲೆ, ಅವೇ ಎರಡು ಬೆತ್ತದ ಕುರ್ಚಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಅವಳು. ಸಾಗುವಾನಿ ಎಲೆ ಬಿದ್ದರೆ ಕೇಳುವಷ್ಟು ಶಾಂತ. ಚಹಾ ಕುಡಿದೆವು. ಮಗನ ಕೆಮ್ಮಿನ ಬಗ್ಗೆ ಮಾತಾಡಿದೆವು. ಮತ್ತೆ ಚಹಾ ಕುಡಿದೆವು. ಮಧ್ಯಾಹ್ನದ ಹೊತ್ತಿಗೆ ಅವಳು, “ಅತ್ತಿಯಾರು ಇರಬೇಕಾಗಿತ್ತು ನೋಡ್ರಿ. ಆ ಸಲ ಎಷ್ಟು ಚಲೋ ಇತ್ತು” ಎಂದಳು.

ನಾನು ಧೈರ್ಯ ಮಾಡಿದೆ. “ಗಿರಿಜಾ, ಆವಾಗ ನನಗೊಂದು ಮಾತು ಹೇಳಬೇಕು ಅಂದಿದ್ದಿ. ಬಚ್ಚಲ ಮುಂದ. ಏನದು?”

ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು. ಮರೆತಿರಲಿಲ್ಲ, ಆ ಮಾತು ನೆನಪಿಗೆ ಬಂದದ್ದು ಅವಳ ಮುಖದಲ್ಲಿ ಕಂಡಿತು.

“ಅದು ಆವಾಗಿನ ಆ ಹುಡಗಿ ಮಾತು ಬಿಡ್ರಿ” ಎಂದಳು. “ಆಕಿಗೆ ಹದಿನೆಂಟು ವರ್ಷ. ಆಕಿ ಈಗ ಎಲ್ಲಿದ್ದಾಳು? ನಾ ಹೇಳಿದ್ರ ಅದು ಸುಳ್ಳಾಗತೈತಿ.”

ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು, ತೀರಿಹೋದ ತಂಗಿಯೊಬ್ಬಳ ಬಗ್ಗೆ ಹೇಳುವಂತೆ ಹೇಳಿ, ಕಪ್ಪುಗಳನ್ನು ಎತ್ತಿಕೊಂಡು ತೊಳೆಯಲು ಹೋದಳು. ಎರಡನೆಯ ದಿನಕ್ಕೆ ಕಾಯದೆ ಸಂಜೆಯ ಬಿದಿರು ಲಾರಿಯಲ್ಲೇ ಮರಳಿದೆವು. ಈ ಸಲ ನಾನು ಮುಂದೆ, ಅವಳ ಪಕ್ಕದಲ್ಲೇ ಕುಳಿತಿದ್ದೆ.

ಕಳೆದ ತಿಂಗಳು ಫಿಟ್ಟರ್ ಈರಣ್ಣ ಲಗ್ನಪತ್ರಿಕೆ ತಂದು ಕಿವಿ ಕೆರೆಯುತ್ತ ನಿಂತ. “ಕುಳಗ್ಯಾಗ ಯಾರೂ ಇರೂದಿಲ್ಲಂತ, ಹೌದೇನ್ರಿ ಸಾಹೇಬ್ರ?” ಎಂದ. ಹುಡುಗನ ಕಣ್ಣಲ್ಲಿ ಆ ಹಸಿವನ್ನು ನಾನು ಗುರುತಿಸಿದೆ. ಹೌದು, ಲಗ್ನವಾದ ಕೂಡಲೇ ಹೋಗು, ತಡ ಮಾಡಬೇಡ ಎಂದೆ. ಆಕೆ ಏನಾದರೂ ಹೇಳಬೇಕೆಂದರೆ ನಿಂತಲ್ಲೇ ಕೇಳು, ಮಾವನ ಮುಂದಾದರೂ ಕೇಳು ಎಂದೆ. ಅವನು ನಗುತ್ತ ಹೊರಟವನು ತಿರುಗಿ, “ನಮ್ಮವ್ವಗ ಏನಂತ ಹೇಳೂದ್ರಿ?” ಎಂದು ಕೇಳಿದ.

ಒಂದು ಕ್ಷಣ ಅವನ ಹೊಸ ಅಂಗಿ ನೋಡಿದೆ, ಎಣ್ಣೆ ಹಚ್ಚಿ ಬಾಚಿದ ತಲೆ ನೋಡಿದೆ. ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

“ಕವಳಾದ ಲಿಂಗದ ದರ್ಶನಕ್ಕ ಅಂತ ಹೇಳು” ಎಂದೆ.

ಲಗ್ನ ಮುಗಿಯಿತು. ನಿನ್ನೆ ಅವನ ತಂದೆ ಮನೆಗೇ ಬಂದಿದ್ದರು. ಕವಳಾಕ್ಕೆ ಹೊರಟ ಮಂದಿ ಹೆಚ್ಚಾಗಿದ್ದಾರಂತೆ, ಒಂದು ಲಾರಿ ಸಾಲದಂತೆ, ಬಿದಿರಿನ ಕಂತ್ರಾಟುದಾರನಿಗೆ ಹೇಳಿ ಇನ್ನೊಂದು ಕೊಡಿಸಬೇಕಂತೆ. ದಾರಿ ಬಲ್ಲವರು ನೀವು, ಮನೆಯವರನ್ನು ಕರೆದುಕೊಂಡು ನೀವೂ ಬರಲೇಬೇಕು ಎಂದು ಕೈಹಿಡಿದು ಒತ್ತಾಯಿಸಿದರು. ಲಾರಿ ಕೊಡಿಸಿದ್ದೇನೆ. ಗಿರಿಜಾ ಬೆಳಗಿನಿಂದ ಅಡಿಗೆಮನೆಯಲ್ಲಿ ಬುತ್ತಿಗೆಂದು ರೊಟ್ಟಿ ಬಡಿಯುತ್ತಿದ್ದಾಳೆ. ಪಕ್ಕದ ಮನೆಯವರನ್ನೂ ಕರೆದಿದ್ದಾಳೆ, ನಗು ಇಲ್ಲಿಯವರೆಗೆ ಕೇಳುತ್ತಿದೆ. ನಾನು ಹೋಗಿ ಬಾಗಿಲಲ್ಲಿ ನಿಂತರೆ ಆ ನಗು ನಿಂತುಬಿಡುತ್ತದೆಂದು ಖೋಲಿಯಲ್ಲೇ ಕುಳಿತಿದ್ದೇನೆ.