ಸಾಹುಕಾರರ ಕಾರು ನೆಟ್ಟಗೆ ಹೋದದ್ದು

ಇಂಜಿನ್ ಕೆಟ್ಟರೆ ಜನ ಮೇಸ್ತ್ರಿಯ ಮಾತು ಕೇಳುತ್ತಾರೆ, ಚಕ್ರ ಸೊಟ್ಟಗಾದರೆ ಎಲ್ಲರೂ ಮೇಸ್ತ್ರಿಗಳೇ. ಇಂಜಿನ್ ಮುಚ್ಚಳದ ಕೆಳಗಿರುತ್ತದೆ, ಚಕ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ನನ್ನ ಅರ್ಧ ಆಯುಷ್ಯ ತಿಂದದ್ದು ಈ ಒಂದು ವ್ಯತ್ಯಾಸ.

ಐವತ್ತರ ದಶಕದಲ್ಲಿ ಚಾಮರಾಜನಗರದ ಗುಂಡ್ಲುಪೇಟೆ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ಡಿತ್ತು. ಹರದನಹಳ್ಳಿಯ ಸಾಹುಕಾರರೊಬ್ಬರು ಮಿಲಿಟರಿಯವರು ಮಾರಿದ ಹಳೇ ಕಾರು ತಂದರು. ಗುಂಡ್ಲುಪೇಟೆಯ ಬಡಗಿಯ ಕೈಲಿ ಹಿಂಭಾಗ ಕುಯ್ಯಿಸಿ, ಎರಡು ಉದ್ದ ಬೆಂಚು ಕೂಡಿಸಿ, ಮೇಲೆ ಮರದ ಗೂಡು ಕಟ್ಟಿಸಿದರು. ಚಾಮರಾಜನಗರ, ಗುಂಡ್ಲುಪೇಟೆಗಳ ನಡುವೆ ಜನ ಸಾಗಿಸಬೇಕೆಂಬುದು ಅವರ ಆಸೆ. ಅದಕ್ಕೆ ಪರ್ಮಿಟ್ಟು ಬೇಕು. ಇನ್‌ಸ್ಪೆಕ್ಟರು ನೇರ ರಸ್ತೆಯಲ್ಲಿ ಒಂದು ಗಳಿಗೆ ಸ್ಟೇರಿಂಗ್ ಬಿಡಿಸಿ ನೋಡುತ್ತಿದ್ದರು. ಗಾಡಿ ಪಕ್ಕಕ್ಕೆ ಎಳೆದರೆ ಪರ್ಮಿಟ್ಟಿಲ್ಲ. ಪರ್ಮಿಟ್ಟಿಲ್ಲದಿದ್ದರೆ ಅದು ಊರಿನ ಕೋಳಿಗಳು ಮಲಗುವುದಕ್ಕೆ ಲಾಯಕ್ಕು.

ಎತ್ತಿನ ನ್ಯಾಯ

ಆಗ ನಮಗೆ ಯಂತ್ರ ಗಿಂತ್ರ ಇರಲಿಲ್ಲ. ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಕಟ್ಟಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕೋಲಿನಲ್ಲಿ ಅಳೆಯುತ್ತಿದ್ದೆವು. ಮುಂದಿನ ಎರಡು ಚಕ್ರಗಳು ಮೂತಿಯ ಕಡೆ ಕೂದಲೆಳೆಯಷ್ಟು ಒಳಕ್ಕೆ ತಿರುಗಿರಬೇಕು. ಹಾಗೇ ಮಾಡಿಕೊಟ್ಟೆ. ಸಾಹುಕಾರರು ಕುಕ್ಕರಗಾಲಲ್ಲಿ ಕೂತು ನೋಡಿದರು.

"ಮೇಸ್ತ್ರಿ, ಇವು ಒಂದರ ಮಕ ಒಂದು ನೋಡ್ತಾವಲ್ಲ?"

"ಹಾಗೇ ಇರಬೇಕು ಸಾವ್ಕಾರ್ರೆ. ಓಡುವಾಗ ನೆಟ್ಟಗಾಗ್ತವೆ."

"ನಲವತ್ತು ವರ್ಸ ಬೇಸಾಯ ಮಾಡಿವ್ನಿ. ಎತ್ತುಗಳು ಒಂದರ ಮಕ ಒಂದು ನೋಡ್ಕಂಡು ನಡುದ್ರೆ ಉಳಾದು ಎಂಗೆ?"

ಅವರು ದಾರಿಯಲ್ಲೇ ಕಮ್ಮಾರನ ಹತ್ತಿರ ನಿಲ್ಲಿಸಿ, ಎರಡೂ ಚಕ್ರ ಹೊರಗೆ ನೋಡುವಂತೆ ಬಡಿಸಿಕೊಂಡು ಹೋದರು. ಹದಿನೈದು ದಿನಕ್ಕೆ ವಾಪಸು ಬಂದಾಗ ಟೈರು ಸವೆದು ಒಳಗಿನ ನೂಲು ಕಾಣುತ್ತಿತ್ತು.

"ಏನಾಯ್ತು?" ಅಂದೆ.

"ಟೈರು ಸರಿಯಿಲ್ಲ ಕಣ ಮೇಸ್ತ್ರಿ," ಅಂದರು.

ಭಾವನ ಚಕ್ರ

ಎರಡನೇ ಸಲ ಚಕ್ರ ಎಷ್ಟು ವಾಲಿರಬೇಕೆಂಬ ಪ್ರಶ್ನೆ ಬಂತು. ಮರದ ಗೂಡಿನ ಭಾರಕ್ಕೆ ಸ್ಪ್ರಿಂಗು ಕುಸಿದು, ಚಕ್ರಗಳ ತಲೆ ಒಳಕ್ಕೆ ವಾಲಿತ್ತು. ನಾನು ಅಳೆಯುತ್ತಿದ್ದಾಗ ಸಾಹುಕಾರರ ಹೆಂಡತಿಯ ಅಣ್ಣ ಬಂದು, "ಚಕ್ರ ಗ್ವಾಡೆ ಅಂಗೆ ನೆಟ್ಟಗೆ ನಿಂತಿರ್ಬೇಕು," ಅಂದರು. ಪುಣಜನೂರಿನ ದಾರಿಯಲ್ಲಿ ತಮಿಳು ಸೀಮೆಗೆ ಬಿದಿರು ಸಾಗಿಸುವ ಲಾರಿ ಡ್ರೈವರೊಬ್ಬ ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಾ, "ಘಾಟಿ ಇಳಿದವನಿಗೆ ಗೊತ್ತು. ತಲೆ ಹೊರಕ್ಕೆ ವಾಲಿರ್ಬೇಕು," ಅಂದ.

ಸಾಹುಕಾರರು ಪೇಚಿಗೆ ಬಿದ್ದರು. ಭಾವನ ಮಾತು ತೆಗೆದುಹಾಕಿದರೆ ಮನೆಯಲ್ಲಿ ಊಟ ಸರಿಯಾಗಿ ಬೀಳುವುದಿಲ್ಲ. ಡ್ರೈವರ್ ಮಾತು ತೆಗೆದುಹಾಕಿದರೆ ನಾಳೆ ದಾರೀಲಿ ಗಾಡಿ ನಿಂತಾಗ ಹಗ್ಗ ಕಟ್ಟಿ ಎಳೆಯುವವರಿಲ್ಲ. ನನ್ನನ್ನು ಮೂಲೆಗೆ ಕರೆದು ಹೇಳಿದರು: "ಎಡದ್ದು ಭಾವ ಯೋಳ್ದಂಗೆ, ಬಲದ್ದು ಡ್ರೈವರು ಯೋಳ್ದಂಗೆ ಮಾಡ್ಬುಡಿ. ಯಾರ್ಗೂ ಬ್ಯಾಸರ ಆಗಬಾರದು."

ಮಾಡಿಕೊಟ್ಟೆ. ಗಾಡಿ ಶೆಡ್ಡಿನಿಂದ ಹೊರಟು, ಬಲಕ್ಕೆ ಎಳೆದುಕೊಂಡು ಹೋಗಿ ಟೀ ಅಂಗಡಿಯ ಬೆಂಚಿಗೆ ಗುದ್ದಿತು. ಡ್ರೈವರು ಲೋಟದ ಸಮೇತ ಎದ್ದು ನಿಂತು, "ನೋಡಿದ್ರಾ, ಬಲದ ಚಕ್ರ ಎಷ್ಟು ಜೋರಾಗೈತೆ!" ಅಂದ.

ಮುಂದಿನ ಸೀಟು

ಪರೀಕ್ಷೆಯ ಹಿಂದಿನ ದಿನ ನಾನೇ ಜಿದ್ದಿಗೆ ಬಿದ್ದೆ. ಖಾಲಿ ಗಾಡಿಯ ಅಳತೆ ಬೇರೆ, ಜನ ಕೂತ ಗಾಡಿಯ ಅಳತೆ ಬೇರೆ. ಯಾರು ಯಾರು ಕೂರುತ್ತಾರೋ ಕರೆದುಕೊಂಡು ಬನ್ನಿ ಅಂದೆ. ಮನೆಮಂದಿಯೆಲ್ಲ ಬಂದರು. ಸ್ಟೇರಿಂಗ್ ಹಿಡಿದ ಸಾಹುಕಾರರ ಪಕ್ಕದ ಸೀಟಿನಲ್ಲಿ ಅವರ ಮಾವ ಕೂತರು. ಹಂಗಳದವರು. ಎರಡು ದಿನಕ್ಕೆಂದು ಬಂದು ಮೂರು ತಿಂಗಳಾಗಿತ್ತು, ನಾಳೆ ಊರಿಗೆ ಹೊರಡುವವರಿದ್ದರು. ಒಳ್ಳೇ ಭಾರದ ಆಳು. ಅವರು ಕೂತದ್ದೇ ಗಾಡಿ ಎಡಕ್ಕೆ ವಾಲಿತು. ಅದಕ್ಕೆ ಸರಿಯಾಗಿ ಅಳತೆ ಕೂಡಿಸಿದೆ. ಗಾಡಿ ಬಾಣದ ಹಾಗೆ ಹೋಯಿತು. ಸಾಹುಕಾರರ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ನಿದ್ದೆಗೆಟ್ಟು.

ಮಾರನೇ ದಿನ ಇನ್‌ಸ್ಪೆಕ್ಟರು ಬಂದರು, ಒಣಕಲು ಮನುಷ್ಯ. ಸಾಹೇಬರ ಎದುರಿಗೆ ಜನ ತುಂಬುವುದು ಮರ್ಯಾದೆಯಲ್ಲ ಅಂತ ಸಾಹುಕಾರರು ಎಲ್ಲರನ್ನೂ ಇಳಿಸಿ, ಮುಂದಿನ ಸೀಟಿಗೆ ಟವಲು ಹಾಸಿ ಅವರನ್ನು ಕೂರಿಸಿದರು. ಸ್ಟೇರಿಂಗ್ ಬಿಟ್ಟದ್ದೇ ಗಾಡಿ ಬಲಗಡೆಯ ಹುಣಸೇಮರದ ಕಡೆ ಹೊರಟಿತು.

"ನಡೀರಿ, ಆಗಲ್ಲ," ಅಂದರು ಇನ್‌ಸ್ಪೆಕ್ಟರು.

"ಗಾಡೀದು ತಪ್ಪಿಲ್ಲ ಬುದ್ದಿ," ಸಾಹುಕಾರರು ಕೈಮುಗಿದರು. "ತಾವು ವಸಿ ಅಗುರ."

ನಾನು ಓಡಿಬಂದು ವಿಷಯ ವಿವರಿಸಿದೆ. ಮಾವನನ್ನು ಮುಂದೆ, ಮನೆಮಂದಿಯನ್ನು ಹಿಂದೆ ಕೂರಿಸಿದೆವು. ಇನ್‌ಸ್ಪೆಕ್ಟರು ಬೆಂಚಿನ ತುದಿಯಲ್ಲಿ ಕೂತರು. ಗಾಡಿ ಒಂದು ಫರ್ಲಾಂಗು ಪಕ್ಕಕ್ಕೆ ಎಳೆಯದೆ ಹೋಯಿತು.

"ಪರ್ಮಿಟ್ಟು ಕೊಡ್ತೀನಿ," ಅಂದರು ಇನ್‌ಸ್ಪೆಕ್ಟರು. "ಆದರೆ ಈ ತೂಕ ಈ ಸೀಟಲ್ಲೇ ಇರಬೇಕು. ಚಕ್ರ ಮತ್ತೆ ಮುಟ್ಟಿದರೆ ಪರೀಕ್ಷೆ ಮೊದಲಿಂದ."

ಒಂದು ಮೂಟೆ ಬೆಲ್ಲ ಇಟ್ಟರೂ ಸಾಕು ಅಂತ ಸಾಹುಕಾರರ ಕಿವಿಯಲ್ಲಿ ಹೇಳಿದೆ. ಅವರು ಬೆವತುಬಿಟ್ಟರು. "ಮೆಲ್ಲಗೆ ಮಾತಾಡಿ ಮೇಸ್ತ್ರಿ! ಮಾವನ ಜಾಗಕ್ಕೆ ಮೂಟೆ ಇಡಾದಾ?"

ಮಾವ ಮುಂದಿನ ಸೀಟಿನಿಂದ ಇಳಿದೇ ಇರಲಿಲ್ಲ. ಕತ್ತು ಹೊರಹಾಕಿ ಸಮಾಧಾನ ಹೇಳಿದರು: "ಎದರಬ್ಯಾಡಿ ಅಳಿಮಯ್ಯ. ಊರ್‍ಗೆ ಓಗಾದು ಬುಟ್ಟೆ, ಇಲ್ಲೇ ಇದ್ಬುಡ್ತೀನಿ. ನಿಮ್ಮತ್ತೇನೂ ಕರಸ್ಬುಡಿ. ನನಗೆ ಉಸಾರಿಲ್ದಾಗ ಅವಳು ಕೂತ್ಕತಾಳೆ. ತೂಕದಲ್ಲಿ ಅವಳೇನೂ ನನಗೆ ಕಮ್ಮಿ ಇಲ್ಲ."